ಕೋದಂಡಪ್ಪ ಮೇಷ್ಟ್ರ ಪಟಾಕಿ ಪಾಠ

ನಮ್ಮ ಓಟದ ಮೇಷ್ಟ್ರು ಕೋದಂಡಪ್ಪನವರು ಜೀವಮಾನದಲ್ಲಿ ಓಡಿದ್ದು ಒಂದೇ ಸಲ, ಅದೂ ರೈಲಿನ ಹಿಂದೆ. ಬಂಗಾರಪೇಟೆಯನ್ನು ಆಗಿನ್ನೂ ಬೌರಿಂಗ್‌ಪೇಟೆ ಎನ್ನುತ್ತಿದ್ದರು. ಅಲ್ಲಿಂದ ಚಿನ್ನದ ಗಣಿಗೆ ಹೋಗುವ ಗಾಡಿ ಹೊರಟಾಗಿತ್ತು. ಕಾಮಸಮುದ್ರದ ಈ ರೈತನ ಮಗ ಹೆಗಲ ಮೇಲೆ ಹಲಸಿನ ಹಣ್ಣು ಹೊತ್ತು, ಪಂಚೆ ಎತ್ತಿ ಹಿಡಿದು ಓಡಿ, ಕೊನೆಯ ಡಬ್ಬಿ ಹತ್ತಿದರು. ಅದೇ ಡಬ್ಬಿಯಲ್ಲಿದ್ದ ನಮ್ಮ ಪ್ರಿನ್ಸಿಪಾಲರು ಕನ್ನಡಕ ಏರಿಸಿ ನೋಡಿ ಅಲ್ಲೇ ಕೆಲಸ ಕೊಟ್ಟುಬಿಟ್ಟರು. ಕಾಲೇಜಿಗೆ ಮೇಷ್ಟ್ರನ್ನು ಹೀಗೂ ಆರಿಸುತ್ತಾರೆಯೇ ಎಂದು ಕೇಳಬೇಡಿ. ಗಣಿಯೂರಿನಲ್ಲಿ ಕೆಲವೇ ವರ್ಷ ನಡೆದು ಬಾಗಿಲು ಹಾಕಿದ ಆ ಖಾಸಗಿ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುತ್ತಿದ್ದವರು ಪ್ರಿನ್ಸಿಪಾಲರ ಭಾವಮೈದ. ಅವರು ರೈಲಿನ ಹಿಂದೆಯೂ ಓಡಿದವರಲ್ಲ.

ಕೆಲಸ ಸಿಕ್ಕಮೇಲೆ ಮೇಷ್ಟ್ರು ಓಡುವ ತಂಟೆಗೇ ಹೋಗಲಿಲ್ಲ. ಬೇವಿನ ಮರದ ಕೆಳಗೆ ಸ್ಟೂಲು ಹಾಕಿಸಿಕೊಂಡು, ಕಡಲೆಕಾಯಿ ಸುಲಿಯುತ್ತ ನಮ್ಮನ್ನು ಓಡಿಸುತ್ತಿದ್ದರು. ಹೆಂಡತಿ, ಮೂವರು ಹೆಣ್ಣುಮಕ್ಕಳು, ಎಲ್ಲರ ಹೊಟ್ಟೆಪಾಡೂ ಆ ಸ್ಟೂಲಿನ ಮೇಲೆಯೇ ನಿಂತಿತ್ತು. ಅದು ಖಾಯಂ ಕೆಲಸವಲ್ಲ. ವರ್ಷಕ್ಕೊಮ್ಮೆ ಗಣಿಯ ಮೈದಾನದಲ್ಲಿ ನಡೆಯುವ ಮೈಲಿ ಓಟದ ಕಪ್ಪು ಗೆದ್ದರೆ ಮುಂದಿನ ವರ್ಷವೂ ಕೆಲಸ. ಸೋತರೆ ಕಾಮಸಮುದ್ರ.

ಗೆಲ್ಲುವ ಕಾಲು ಇದ್ದದ್ದು ಒಬ್ಬನಿಗೆ, ಆಂಡರ್ಸನ್‌ಪೇಟೆಯ ಆರುಮುಗಂಗೆ. ನಾನು ಅವನ ಹಿಂದೆ ಧೂಳು ಕುಡಿಯುತ್ತಿದ್ದವನು. ಅವನ ಅಪ್ಪ ಪೆರುಮಾಳ್ ಗಣಿಯೊಳಗೆ ಇಳಿಯುವ ಕೆಲಸಗಾರ. ಗಣಿಯೂರಿನಲ್ಲಿ ಒಂದು ರೂಢಿಯಿತ್ತು. ಕೆಳಗೆ ಬಂಡೆ ಸಿಡಿದರೆ ಢಂ ಎಂದು ಮೇಲಿನ ನೆಲವೂ ನಡುಗುತ್ತದೆ. ಆಗ ಒಲೆಯ ಮೇಲೆ ಹಾಲಿರಲಿ, ತಲೆಯಲ್ಲಿ ಸೀಗೆಪುಡಿಯಿರಲಿ, ಎಲ್ಲ ಬಿಟ್ಟು ಗಣಿಯ ಬಾಯಿಗೆ ಓಡಬೇಕು. ಆಳುಗಳನ್ನು ಇಳಿಸಿ ಹತ್ತಿಸುವ ಕೇಜಿನಲ್ಲಿ ಯಾರು ಮೇಲೆ ಬರುತ್ತಾರೆ, ಯಾರು ಬರುವುದಿಲ್ಲ ಎಂದು ನಿಂತು ನೋಡಬೇಕು. ಮೊದಲ ವರ್ಷದ ಓಟದಲ್ಲಿ ಪಿಸ್ತೂಲು ಢಂ ಎಂದಿದ್ದೇ ತಡ, ಆರುಮುಗಂ ಗಕ್ಕನೆ ತಿರುಗಿ ಗಣಿಯ ಬಾಯಿಯ ಕಡೆ ಓಟ ಕಿತ್ತ. ಹತ್ತು ಹೆಜ್ಜೆ ಹೋದಮೇಲೆ ಜ್ಞಾನೋದಯವಾಯಿತು. ಮೈದಾನವೆಲ್ಲ ಬಿದ್ದು ಬಿದ್ದು ನಕ್ಕಿತು. ಪ್ರಿನ್ಸಿಪಾಲರು ನಗಲಿಲ್ಲ, ದೊಡ್ಡ ಮನಸ್ಸು ಮಾಡಿ ಇನ್ನೊಂದೇ ಒಂದು ವರ್ಷ ಕೊಟ್ಟರು.

ಆಗ ಮೇಷ್ಟ್ರು ತಲೆ ಓಡಿಸಿದರು. ದಿನವೂ ಓಡುವವರ ಬೆನ್ನ ಹಿಂದೆ ಪಟಾಕಿ ಹಚ್ಚುವುದು, ತಗಡು ಬಡಿಯುವುದು, ತಿರುಗಿದವನಿಗೆ ಇನ್ನೆರಡು ಸುತ್ತು.

"ಯಾವ ಸದ್ದಾದ್ರೂ ತಿರುಗ್ಬ್ಯಾಡ್ರಲಾ. ಮುಂದ್ಗಡೆ ಕೊನೇಲಿ ಕಟ್ಟಿರೋ ದಾರ ಐತಲ್ಲ, ಅದೊಂದೇ ನೋಡ್ರಿ."

ಬೇವಿನ ಮರದ ಗುಬ್ಬಚ್ಚಿಗಳು ಊರು ಬಿಟ್ಟವು. ಆರುಮುಗಂ ಮಾತ್ರ ಕಿವಿಯ ಪಕ್ಕ ಪಟಾಕಿ ಸಿಡಿದರೂ ರೆಪ್ಪೆ ಬಡಿಯದಂತಾದ. ಇಷ್ಟು ಚೆನ್ನಾಗಿ ಪಾಠ ಕಲಿತ ವಿದ್ಯಾರ್ಥಿ ಆ ಕಾಲೇಜಿನಲ್ಲಿ ಬೇರೆ ಯಾರೂ ಇರಲಿಲ್ಲ.

ಮರುವರ್ಷ ಪಿಸ್ತೂಲು ಸಿಡಿಯಿತು, ಆರುಮುಗಂ ನೆಟ್ಟಗೆ ಓಡಿದ. ಮೂರನೆಯ ಸುತ್ತಿನಲ್ಲಿ ನೆಲ ನಡುಗಿತು. ಸೋಡಾ ಅಂಗಡಿಯ ಬಾಟಲಿಗಳು ಗಲಗಲ ಎಂದವು. ನೋಡಲು ಬಂದವರು, ಬ್ಯಾಂಡಿನವರು, ಓಡುತ್ತಿದ್ದ ನಾವು, ಎಲ್ಲರೂ ಗಣಿಯ ಬಾಯಿಗೆ ಓಡಿದೆವು. ನನ್ನವರು ಯಾರೂ ಒಳಗಿರಲಿಲ್ಲ, ಆದರೂ ಓಡಿದೆ. ಹಿಂದಿರುಗಿ ನೋಡಿದರೆ ಖಾಲಿ ಮೈದಾನದಲ್ಲಿ ಆರುಮುಗಂ ಒಬ್ಬನೇ ಸುತ್ತು ಹೊಡೆಯುತ್ತಿದ್ದಾನೆ. ತಿರುಗ್ಲಾ, ತಿರುಗ್ಲಾ ಎಂದು ಮೇಷ್ಟ್ರು ಬಾಯಿ ಬಡಿದುಕೊಳ್ಳುತ್ತಿದ್ದಾರೆ. ಯಾವ ಸದ್ದಿಗೂ ತಿರುಗಬೇಡ ಎಂದಿದ್ದವರೂ ಅವರೇ ತಾನೇ! ಅವನು ನಾಲ್ಕನೆಯ ಸುತ್ತನ್ನೂ ಮುಗಿಸಿ, ಗೂಟಕ್ಕೆ ಕಟ್ಟಿದ್ದ ದಾರವನ್ನು ಎದೆಯಿಂದ ಹರಿದ.

ಕೇಜು ಮೇಲೆ ಬಂತು. ಇಬ್ಬರನ್ನು ಹೊತ್ತು ತಂದರು, ಅವರಲ್ಲಿ ಉಸಿರಿರಲಿಲ್ಲ. ಪೆರುಮಾಳ್ ಹಣೆಯಿಂದ ರಕ್ತ ಸುರಿಸುತ್ತ ನಡೆದು ಬಂದ. ಹೆಂಡತಿ ಪಾಪಕ್ಕನ ಕೈ ಹಿಡಿದು, ಗುಂಪನ್ನೆಲ್ಲ ಕಣ್ಣಲ್ಲೇ ಹುಡುಕಿದ.

"ನಮ್ ಆರುಮುಗಂ ಬರ್ಲಿಲ್ವಾ?"

ಪಾಪಕ್ಕ ಸೆರಗಿನಿಂದ ರಕ್ತ ಒರೆಸಿದಳು. ಅಷ್ಟರಲ್ಲಿ ಹುಡುಗನ ರಟ್ಟೆ ಹಿಡಿದು ಎಳೆದುಕೊಂಡು ಬಂದ ಮೇಷ್ಟ್ರ ಕಿವಿಗೆ ಆ ಮಾತು ಬಿತ್ತು. ಹರಿದ ದಾರ ಆರುಮುಗಂನ ಬೆವರಿದ ಎದೆಗೆ ಇನ್ನೂ ಅಂಟಿಕೊಂಡಿತ್ತು. ನನಗೆ ಮೇಷ್ಟ್ರ ಮೇಲೆ ಅವತ್ತು ಬಂದ ಕೋಪ ಅಷ್ಟಿಷ್ಟಲ್ಲ.

ಪ್ರಿನ್ಸಿಪಾಲರಿಗೋ ಪರಮಾನಂದ. ಕಪ್ಪಿಗೆ ಹಾರ ಹಾಕಿಸಿ, ಶಿಸ್ತು ಎಂದರೆ ಇದು ಎಂದು ಒಂದು ಗಂಟೆ ಭಾಷಣ ಕೊರೆದರು. ಮೇಷ್ಟ್ರ ಕೆಲಸ ಉಳಿಯಿತು. ಆದರೆ ಅವರು ಮತ್ತೆ ಆ ಸ್ಟೂಲಿನ ಮೇಲೆ ಕೂರಲಿಲ್ಲ, ಪಟಾಕಿ ಹಚ್ಚಲೂ ಇಲ್ಲ. ಆ ವರ್ಷ ನಮಗೇನು ಕಲಿಸಿದರು ಎಂಬುದು ಪ್ರಿನ್ಸಿಪಾಲರಿಗೆ ಗೊತ್ತಾಗಿದ್ದು ಮುಂದಿನ ಓಟದ ದಿನ. ಪಿಸ್ತೂಲು ಢಂ ಎಂದಿತು. ನಮ್ಮ ಕಾಲೇಜಿನ ನಾಲ್ವರೂ ಮೊದಲು ಗಣಿಯ ಬಾಯಿಯ ಕಡೆ ತಿರುಗಿ ನೋಡಿದೆವು. ಅಲ್ಲಿ ಎಲ್ಲ ಸರಿಯಿದೆ ಎಂದು ಕಂಡಮೇಲೆ ಓಡಿದೆವು. ಆರುಮುಗಂ ಎರಡೇ ಹೆಜ್ಜೆಯ ಅಂತರದಲ್ಲಿ ಸೋತ. ನಾನು ಎಂದಿನಂತೆ ಕೊನೆಯವನು, ಅದಕ್ಕೆ ಪಿಸ್ತೂಲನ್ನು ದೂರುವ ಹಾಗಿಲ್ಲ.

ಈ ದರಿದ್ರ ಬುದ್ಧಿ ಇವರಿಗೆ ಯಾರು ಕಲಿಸಿದ್ದು ಎಂದು ಪ್ರಿನ್ಸಿಪಾಲರು ಎಲ್ಲರೆದುರು ಹಾರಾಡಿದರು. ಮೇಷ್ಟ್ರು ನಮ್ಮ ತಲೆಗೆ ಕಟ್ಟಿ ಜಾರಿಕೊಳ್ಳಬಹುದಿತ್ತು.

"ನಾನೇ ಸ್ವಾಮಿ. ಒಳಗಡೆ ಅವರಪ್ಪಂದಿರವ್ರೆ. ಒಂದ್ಸಲ ತಿರುಗಿ ನೋಡ್ಲಿ ಬುಡಿ."

ಅವತ್ತೇ ಕೆಲಸ ಹೋಯಿತು. ಮಾರನೆಯ ದಿನ ಅವರನ್ನೂ ಮನೆಮಂದಿಯನ್ನೂ ಗಾಡಿ ಹತ್ತಿಸಲು ಬೌರಿಂಗ್‌ಪೇಟೆಯ ಸ್ಟೇಷನ್ನಿಗೆ ಹೋದೆವು. ಟ್ರಂಕು ಹೊತ್ತು ಮುಂದೆ ನಡೆದವನು ಪೆರುಮಾಳ್, ಪಾಳಿ ಮುಗಿಸಿ ನಿದ್ದೆಗೆಟ್ಟು ಬಂದಿದ್ದ. ಮೇಷ್ಟ್ರು ಜೀವನದಲ್ಲಿ ಮೊದಲ ಬಾರಿಗೆ ಗಾಡಿಗಿಂತ ಮುಂಚೆ ಬಂದಿದ್ದರು. ಗಾಡಿ ಹೊರಟಮೇಲೆ ಕಿಟಕಿಯಿಂದ ತಲೆ ಹೊರಹಾಕಿ, ತಿರುವು ದಾಟುವವರೆಗೂ ಅವರು ಹಿಂದಕ್ಕೇ ನೋಡುತ್ತಿದ್ದರು.