‘ಯಾಕೆ ಹಾಗಂದೆ?’ ಎಂದು ಕೇಳುವ ಟೀಚರ್

ಮನಿಲಾದ ಮೀನು ಬಂದರಿನ ಹಿಂದಿರುವ ಶಾಲೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೊದಲ ಪಾಳಿಯ ಗಂಟೆಗೆ ಮುಂಚೆಯೇ, ಮೆಟ್ಟಿಲ ಕೆಳಗಿನ ಕಿಷ್ಕಿಂಧೆಯಂಥ ಜಾಗದಲ್ಲಿ ಲಿಯೊನೀಲಾ ಟೀಚರ್ ಒಂದು ಮಗುವನ್ನು ಎದುರಿಗೆ ಕೂರಿಸಿಕೊಂಡಿದ್ದಾರೆ. ಓದಿನಲ್ಲಿ ಹಿಂದುಳಿದ ಮಕ್ಕಳನ್ನು ಒಬ್ಬೊಬ್ಬರಾಗಿ ಓದಿಸಿ, ತೊಡಕು ಎಲ್ಲಿದೆ ಎಂದು ಹುಡುಕುವ ಪರೀಕ್ಷೆ ಇದು. ಉಳಿದ ಟೀಚರುಗಳು ಅಂಕ ಹಾಕಿ ಕೈತೊಳೆದುಕೊಳ್ಳುತ್ತಾರೆ. ಇವರು ಮಾತ್ರ ತಪ್ಪು ಉತ್ತರ ಬಂದರೆ, “ಯಾಕೆ ಹಾಗಂದೆ ಮರಿ?” ಎಂದು ಕೇಳುತ್ತಾ ಕೂರುತ್ತಾರೆ. ಸಹೋದ್ಯೋಗಿಗಳು ಇಟ್ಟಿರುವ ಅಡ್ಡಹೆಸರೇ ‘ಯಾಕೆ ಟೀಚರ್’.

“ಚಿಕ್ಕವಳಿದ್ದಾಗ ನನ್ನನ್ನೂ ದಡ್ಡಿ ಅಂತಿದ್ರು. ಬೋರ್ಡು ಕಾಣ್ತಿರ್ಲಿಲ್ಲ, ಅಷ್ಟೆ. ಕನ್ನಡಕ ಬರೋ ಹೊತ್ತಿಗೆ ಓದೋ ಆಸೆನೇ ಸತ್ತುಹೋಗಿತ್ತು,” ಎನ್ನುತ್ತಾರೆ. “ಜ್ವರ ಇದೆ ಅಂದ್ರೆ ಸಾಕಾ? ಯಾಕೆ ಬಂತು ಅಂತ ನೋಡ್ಬೇಡ್ವಾ?”

ಇವತ್ತು ಎದುರಿಗಿರುವವಳು ರಿಸಲಿನ್. ಬೊಹೋಲ್ ದ್ವೀಪದಿಂದ ಬಂದ ಕುಟುಂಬ. ಮೂರನೇ ತರಗತಿಯಲ್ಲೇ ಮತ್ತೆ ಕೂತಿದ್ದಾಳೆ. ಈ ಸಲವೂ ಪಾಸಾಗದಿದ್ದರೆ ಮಗಳನ್ನು ಮೀನು ಹೆಚ್ಚುವ ಶೆಡ್ಡಿನ ಕೆಲಸಕ್ಕೆ ಹಚ್ಚುವುದೆಂದು ತಾಯಿ ಎಡಿತಾ ನಿರ್ಧರಿಸಿ, ರಬ್ಬರ್ ಬೂಟು ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಾರೆ.

ಹುಡುಗಿ ತಡವರಿಸದೆ ಓದುತ್ತಾಳೆ. ಅಕ್ಕಿಕಾಳು ಹೊತ್ತು ಮನೆಗೆ ಹೊರಟ ಲಂಗಮ್‌ನ ಕಥೆ.

“ಲಂಗಮ್ ಮನೆಗೆ ಹೇಗೆ ಹೋಯ್ತು?”

“ಹಾರ್ಕೊಂಡು.”

ಹೋದ ವರ್ಷವೂ ಇದೇ ಕಥೆ, ಇದೇ ಉತ್ತರ, ಇದೇ ಸೊನ್ನೆ. ಆಗ ಪರೀಕ್ಷೆ ಮಾಡಿದವರು ಮುಂದೆ ಏನನ್ನೂ ಕೇಳಿರಲಿಲ್ಲ. ಲಿಯೊನೀಲಾ ಕೇಳುತ್ತಾರೆ.

“ಯಾಕೆ ಹಾಗಂದೆ?”

“ಅದಕ್ಕೆ ರೆಕ್ಕೆ ಇರುತ್ತಲ್ಲ ಟೀಚರ್!”

ಅವರು ತಾಯಿಯತ್ತ ತಿರುಗುತ್ತಾರೆ. “ನಿಮ್ಮೂರಲ್ಲಿ ಲಂಗಮ್ ಅಂದ್ರೇನಮ್ಮಾ?”

“ಹಕ್ಕಿ. ಇಲ್ಲಿಯವರು ಇರುವೆಗೆ ಹಾಗಂತಾರಂತೆ. ನಂಗೂ ಮೊನ್ನೆ ಮೊನ್ನೆ ಗೊತ್ತಾಗಿದ್ದು.” ಹೇಳುತ್ತಿದ್ದ ಹಾಗೆಯೇ ಎಡಿತಾರ ಮುಖ ಕಪ್ಪಿಡುತ್ತದೆ. “ಅಯ್ಯೋ, ಇಷ್ಟಕ್ಕಾ? ದಡ್ಡಿ ದಡ್ಡಿ ಅಂತ ಇವಳಿಗೆ ಎಷ್ಟು ಹೊಡೆದಿದೀನಿ ಟೀಚರ್!”

“ಓದು ಚೆನ್ನಾಗಿದೆ. ಇಲ್ಲಿನ ಭಾಷೆ ಕಲಿಸಿದ್ರೆ ಸಾಕು. ಮುಂದಿನ ತರಗತಿಗೆ ಕಳಿಸೋಕೆ ನಾನು ಜಗಳ ಆಡ್ತೀನಿ. ಇವಳನ್ನ ಬಿಟ್ಟು ಹೋಗಿ.”

ಎಡಿತಾ ಒಬ್ಬರೇ ಶೆಡ್ಡಿಗೆ ಹೊರಡುತ್ತಾರೆ. ಟೀಚರ್ ಎರಡನೇ ಕಥೆ ಕೊಟ್ಟು ಪ್ರಶ್ನೆ ಕೇಳುತ್ತಾರೆ. ಈ ಸಲ ರಿಸಲಿನ್ ಬಾಯೇ ಬಿಡುವುದಿಲ್ಲ. ಹಕ್ಕಿ ಅಂದುಕೊಂಡಿದ್ದು ತಪ್ಪಾಗಿತ್ತು ಎನ್ನುವುದಷ್ಟೇ ಅವಳ ಕಿವಿಗೆ ಬಿದ್ದಿದೆ. ಕೊನೆಗೆ, “ನಂಗೆ ಗೊತ್ತಿಲ್ಲ. ನಾನು ದಡ್ಡಿ,” ಎನ್ನುತ್ತಾಳೆ, ಅಳುವೂ ಇಲ್ಲದೆ. 

ಗಂಟೆ ಹೊಡೆಯುತ್ತದೆ. ಹುಡುಗಿ ತರಗತಿಗೆ ಹೋದ ಮೇಲೂ ಲಿಯೊನೀಲಾ ಎದ್ದಿಲ್ಲ.

“ಪಾಸು ಹೇಗಾದ್ರೂ ಮಾಡಿಸ್ಬಹುದು,” ಎನ್ನುತ್ತಾರೆ. “ಇವಳು ಇನ್ನೊಂದು ಸಲ ಹೆದರದೆ ತಪ್ಪು ಉತ್ತರ ಹೇಳಿಬಿಟ್ರೆ, ಅಷ್ಟು ಸಾಕು ನಂಗೆ.”