ಎದುರಾಳಿಯೇ ಕಲಿಸಿದ ಓಪನಿಂಗ್

ನಮ್ಮ ಡೊಂಬಿವಲಿಯ ವಸತಿ ಸೊಸೈಟಿಯಲ್ಲಿ ಗಣಪತಿ ಹಬ್ಬಕ್ಕೆ ಚೆಸ್ ಸ್ಪರ್ಧೆ ಇರುತ್ತದೆ. ಪ್ರತಿ ಸಲ ಗೆಲ್ಲುತ್ತಿದ್ದವರು ನಮ್ಮ ಕೆಳಗಿನ ಮನೆಯ ವಿಜಯಪುರದ ಕಾಕಾ, ಅಂಬರನಾಥದ ಕಾರ್ಖಾನೆಯಿಂದ ನಿವೃತ್ತರಾದವರು. ಅವರನ್ನು ಒಮ್ಮೆ ಸೋಲಿನ ಅಂಚಿಗೆ ತಂದವಳು ನಾನು. ಅಂಥವರು ತಾವಾಗಿಯೇ ಮೇಲೆ ಬಂದು, "ಅಕ್ಕಾರ, ನಿಮಗ ಕಿಂಗ್ಸ್ ಇಂಡಿಯನ್ ಕಲಸ್ತೀನ್ರಿ" ಎಂದಾಗ ನನಗೆ ಸಂಶಯ ಬಂತು.

"ಹುಷಾರು ಮಾರಾಯ್ತಿ, ಇದರಲ್ಲಿ ಏನೋ ಉಂಟು" ಎಂದರು ನನ್ನ ಗಂಡ.

ಆ ಓಪನಿಂಗ್, ಅಂದರೆ ಆಟ ಶುರು ಮಾಡುವ ಆ ಕ್ರಮದ ಮೇಲೂ ನನಗೆ ನಂಬಿಕೆ ಬರಲಿಲ್ಲ. ಕಪ್ಪು ಕಾಯಿಯವರು ರಾಜನನ್ನು ಮೂಲೆಗೆ ಸೇರಿಸಿ, ಅವನ ಮುಂದೆ ಒಂಟೆಯನ್ನು ನಿಲ್ಲಿಸಿ, ಹಲಗೆಯ ನಡುವನ್ನು ಬಿಳಿಯವರಿಗೆ ಬಿಟ್ಟುಬಿಡಬೇಕಂತೆ.

"ನಡುವೇ ಬಿಟ್ಟರೆ ನಾನು ಉಸಿರಾಡುವುದು ಎಲ್ಲಿ ಕಾಕಾ?"

"ತಡೀರಿ. ಅವರು ನಡುವ ಮುಚ್ಚಿದ ಕೂಡ್ಲೆ ನೀವು ರಾಜನ ಮುಂದಿನ ಕಾಲಾಳು ಓಡಸ್ರಿ. ಅವರು ರಾಣಿ ಕಡಿಯಿಂದ ಬರ್ತಾರ. ಯಾರು ಮೊದ್ಲು ಮುಟ್ತಾರ, ಅಷ್ಟ."

ಸ್ವಂತ ರಾಜನ ಮುಂದಿನ ಬೇಲಿಯನ್ನೇ ಕಿತ್ತು ಓಡುವುದೇ? ಠಾಣೆಯ ಆಫೀಸಿನಲ್ಲಿ ಊಟದ ಹೊತ್ತು ಫೋನಿನಲ್ಲಿ ಆಡಿ ನೋಡಿದೆ. ಸೋತೆ, ಮತ್ತೆ ಸೋತೆ. ಒಂದು ಆಟದಲ್ಲಿ ಕುದುರೆಯನ್ನು ಹಿಂದಕ್ಕೆ ಎಳೆದಾಗ ತಟ್ಟನೆ ಹೊಳೆಯಿತು: ಅದು ಹೆದರಿ ಹಿಂದೆ ಸರಿಯುವುದಲ್ಲ, ಹಿಂದಿರುವ ಕಾಲಾಳಿಗೆ ದಾರಿ ಬಿಡುವುದು. ಆಮೇಲೆ ಗೆಲ್ಲತೊಡಗಿದೆ. ಓಪನಿಂಗ್ ಮೇಲಿನ ಸಂಶಯ ಹೋಯಿತು. ಕಾಕಾನ ಮೇಲಿನದು ಹೋಗಲಿಲ್ಲ. ನಾನು ಏನು ಆಡುತ್ತೇನೆಂದು ಮೊದಲೇ ತಿಳಿಯಲಿ ಎಂದೇ ಕಲಿಸಿರಬೇಕು.

ಫೈನಲ್‌ನಲ್ಲಿ ಅವರಿಗೆ ಬಿಳಿ ಕಾಯಿ. ಹಳೆಯ ಆಟಕ್ಕೇ ಹೋಗೋಣವೇ ಎಂದು ಯೋಚಿಸಿದೆ. ಕಡೆಗೆ ಅವರು ಕಲಿಸಿದ್ದನ್ನೇ ಆಡಿದೆ. ಅವರ ಆನೆ ನನ್ನ ಪಾಳಯಕ್ಕೆ ನುಗ್ಗಿತು. ಅಷ್ಟರಲ್ಲಿ ನನ್ನ ಕಾಲಾಳು ಅವರ ರಾಜನ ಕೋಟೆ ಒಡೆದಿತ್ತು. ಗೆದ್ದೆ.

"ಬೇಕಂತಲೇ ಬಿಟ್ಟಿರಾ?" ಎಂದು ಕೇಳಿದೆ.

"ಬಿಟ್ಟು ಆಡೋ ಮನಶ್ಯಾ ಅಲ್ರಿ ನಾ."

"ಮತ್ತೆ ಯಾಕೆ ಕಲಿಸಿದ್ದು?"

ಅವರು ಕಾಯಿಗಳನ್ನು ಡಬ್ಬಿಗೆ ತುಂಬುತ್ತ ಹೇಳಿದರು: "ಕಲ್ಯಾಣದಾಗ ಒಬ್ರು ರಿಟೈರ್ಡ್ ಮಾಸ್ತರ್ ಅದಾರ. ಇದನ್ನ ಆಡಿ ಪ್ರತಿ ಸಲ ನನ್ನ ಸೋಲಸ್ತಾರ. ಅದರ ಎದುರು ರೂಢಿ ಮಾಡ್ಕೊಳ್ಳಾಕ ಯಾರರ ಬೇಕಿತ್ರಿ."

ಅಂದರೆ ನನ್ನ ಸಂಶಯ ಪೂರ್ತಿ ಸುಳ್ಳಾಗಿರಲಿಲ್ಲ. ಕೋಪ ಬಂತು. ಆದರೂ ಮುಂದಿನ ತಿಂಗಳು ಅವರು ಕಲ್ಯಾಣಕ್ಕೆ ಆಡಲು ಹೊರಟಾಗ, ನೋಡಲೇಬೇಕೆಂದು ನಾನೂ ಜೊತೆಗೆ ಹೋದೆ.

ಕಾಕಾ ರಾಣಿಯ ಮುಂದಿನ ಕಾಲಾಳನ್ನು ನಡೆಸಿದರು. ಕಿಂಗ್ಸ್ ಇಂಡಿಯನ್ ಆಡುವವರು ಮೊದಲು ಎತ್ತುವ ಕುದುರೆಯನ್ನು ಮಾಸ್ತರರು ಮುಟ್ಟಲೇ ಇಲ್ಲ. ತಮ್ಮ ಕಾಲಾಳನ್ನೂ ನೇರ ನಡುವಿಗೆ ನೂಕಿ, ಬೇರೆಯೇ ಓಪನಿಂಗ್ ಹಿಡಿದರು. ಕಾಕಾ ಹಲಗೆ ಬಿಟ್ಟು ನನ್ನತ್ತ ತಿರುಗಿದರು.

ಆಟ ಡ್ರಾ ಆಯಿತು. ಲೋಕಲ್ ರೈಲು ಹತ್ತಿ ವಾಪಸು ಹೊರಟೆವು. ಡೊಂಬಿವಲಿಯಲ್ಲಿ ಇಳಿಯುವಾಗ ಕಾಕಾ ಮೆಲ್ಲಗೆ ಕೇಳಿದರು: "ನೀವೇನರ ಹೇಳಿದ್ರೇನ್ರಿ ಅವರಿಗೆ?"