ಗುಲಗಂಜಿ ತೂಕದ ರಿಪೇರಿ

ಪುಣೆಯ ರವಿವಾರ ಪೇಠೆಯಲ್ಲಿ ನಮ್ಮ ಕಡೆಯ ಅಕ್ಕಸಾಲಿಗ ಪತ್ತಾರ ಕಾಕಾ, ಮೂಗುತಿ ತೂಗುವ ತಕ್ಕಡಿಗೆ ನನ್ನ ಟ್ರ್ಯಾಕ್ಟರಿನ ಹಿತ್ತಾಳೆ ಬುರುಡೆಯನ್ನು ಹಾಕಿದಾಗ ನನಗೆ ನಗು ಬಂತು. ಇಂಜಿನ್ನಿಗೆ ಹೋಗುವ ಎಣ್ಣೆಯಲ್ಲಿ ತೇಲುತ್ತ, ಅದು ಉಕ್ಕದಂತೆ ತಡೆಯುವ ಟೊಳ್ಳು ಬುರುಡೆ ಅದು. ತೂತು ಬಿದ್ದಿತ್ತು. ಮಹಾಯುದ್ಧದಿಂದಾಗಿ ಹೊಸದು ಸಿಗುತ್ತಿರಲಿಲ್ಲ. ಸಿಕ್ಕರೂ, ಗುಜರಿಯಿಂದ ತಂದ ಟ್ರ್ಯಾಕ್ಟರಿಗೆ ಅಷ್ಟು ದುಡ್ಡು ಸುರಿಯುವ ಶಕ್ತಿ ನನಗಿರಲಿಲ್ಲ. ಉಳುವ ಆತುರದಲ್ಲಿ ನಾನೇ ಬೆಸುಗೆ ಹಾಕಿದ್ದೆ. ತೂತು ಮುಚ್ಚಿತು, ಎಣ್ಣೆ ಉಕ್ಕುವುದು ಮಾತ್ರ ನಿಲ್ಲಲಿಲ್ಲ. ಅದೇಕೆಂದು ತಿಳಿಯದೆ, ನಾಜೂಕು ಬೆಸುಗೆ ಬಲ್ಲ ಕಾಕಾರ ಬಳಿಗೆ ದೌಂಡದಿಂದ ರೈಲು ಹತ್ತಿ ಬಂದಿದ್ದೆ.

“ತೂಕ ಯಾಕ್ರಿ ಕಾಕಾ? ಇದೇನು ಬಂಗಾರ ಅಲ್ಲಲ್ಲ.”

“ತೇಲೋದು ಅಂದಿ. ಇಷ್ಟು ಬೆಸಿಗಿ ಹೊತಗೊಂಡು ಹ್ಯಾಂಗ ತೇಲತದ?”

ಅವರು ನನ್ನ ಬೆಸುಗೆಯನ್ನೆಲ್ಲ ಕರಗಿಸಿ ತೆಗೆದರು. ಬರಿಯ ಬುರುಡೆಯನ್ನು ಮತ್ತೆ ತೂಗಿ, ತೂತಿನ ಮೇಲೆ ಒಂದೇ ಗುಲಗಂಜಿ ತೂಕದ ಬೆಸುಗೆ ಹಾಕಿದರು.

“ಎಲ್ಲಾರೂ ಬಂಗಾರದ ತೂಕ ಕಡಿಮಿ ಆತೇನು ಅಂತ ನನ್ನ ಕೈ ಕಾಯಕೋತ ಕೂಡ್ತಾರ. ಕಡಿಮಿ ಮಾಡಿಸಲಿಕ್ಕೆ ಬಂದಾವ ನೀ ಒಬ್ಬನ ನೋಡು,” ಎಂದು ನಕ್ಕರು.

ಟ್ರ್ಯಾಕ್ಟರ್ ಈಗ ಉಳುತ್ತಿದೆ. ಗಿರಾಕಿಯ ಲೋಹ ಅಂಗಡಿಯಲ್ಲಿ ಉಳಿಯಬಾರದೆಂದು, ಕಾಕಾ ನನ್ನ ಹಳೆಯ ಬೆಸುಗೆಯನ್ನೂ ತೂಗಿ, ಒಡವೆಯಂತೆ ಗುಲಾಬಿ ಕಾಗದದಲ್ಲಿ ಮಡಚಿ ಕೊಟ್ಟಿದ್ದರು. ಆ ಪೊಟ್ಟಣ ನನ್ನ ಹತಾರದ ಪೆಟ್ಟಿಗೆಯಲ್ಲಿದೆ. ನನ್ನ ಆತುರದ ತೂಕ ಎಷ್ಟೆಂದು ಈಗ ನನಗೆ ಗೊತ್ತು: ಹದಿನಾರು ಗುಲಗಂಜಿ.